ಮಲ್ಲವಿನೋದವೂ ಗದಾಯುದ್ಧವೂ
(ಕಾಳಗದ ಆಟಗಳಿಂದ ಹುಟ್ಟಿದ ಚಲಚ್ಚಿತ್ರಗಳ ವಿಚಾರ)

ವಿಡಿಯೋ ಗೇಮುಗಳಲ್ಲಿ ಕಾಳಗದ ಆಟವೆಂಬ ಒಂದು ಜಾತಿಯುಂಟು. ಆ ಆಟಗಳನ್ನೇ ಮೂಲವಾಗಿ ಹಿಡಿದು ತೆಗೆದ ಚಲಚ್ಚಿತ್ರಗಳು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬರುತ್ತಲಿವೆ. ಇವು ಸಾಹಿತ್ಯಪತ್ರಿಕೆಯೊಂದರ ವಿಮರ್ಶೆಗೆ ತಕ್ಕ ವಸ್ತುವೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ಸಹಜವೇ. ಮನೆಯ ಹುಡುಗರು ಕೋಣೆಯ ಬಾಗಿಲನ್ನು ಓರೆಮಾಡಿಕೊಂಡು ನೋಡುವ ಹೊಡೆದಾಟದ ಚಿತ್ರಗಳ ಹೆಸರನ್ನು ರನ್ನನಂತಹ ಕವಿಯ ಹೆಸರಿನೊಡನೆ ಒಂದೇ ಪುಟದಲ್ಲಿ ಅಚ್ಚುಮಾಡುವುದು ಅಪಚಾರವೆಂದು ತೋರಿದರೂ ತೋರೀತು. ಆದರೆ ಈ ಚಿತ್ರಗಳಲ್ಲಿ ಬಹುಪಾಲು ಏಕೆ ಕೆಟ್ಟವು, ಒಂದೆರಡು ಮಾತ್ರ ಏಕೆ ಉಳಿದುವು ಎಂದು ವಿಚಾರಮಾಡಹೊರಟರೆ, ದಾರಿಯು ನಮ್ಮನ್ನು ನಮ್ಮ ಕಲ್ಯಾಣಕ್ಕೂ ಗದಾಯುದ್ಧಕ್ಕೂ ತಂದು ಬಿಡುತ್ತದೆ. ಆದುದರಿಂದ ಈ ಲೇಖನ.

ದ್ವಂದ್ವವನ್ನು ನೋಡಿ ಸಂತೋಷಪಡುವ ಅಭಿರುಚಿ ನಮ್ಮ ಸೀಮೆಗೆ ಹೊರಗಿನಿಂದ ಬಂದುದಲ್ಲ. ಭಾತಂಬ್ರಾಕ್ಕೆ ಕಲ್ಯಾಣವು ಬಹುದೂರವೇನೂ ಇಲ್ಲ. ಅಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನಷ್ಟೆ. ಐದು ಪ್ರಕರಣಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟಿಗೆ ನೂರು. ಇವುಗಳಲ್ಲಿ ಒಂದು ಪ್ರಕರಣವನ್ನು ಅರಸನ ವಿನೋದಗಳಿಗಾಗಿಯೇ ಮೀಸಲಿಟ್ಟಿರುವನು. ಗೀತ, ವಾದ್ಯ, ನೃತ್ಯ, ಕಥೆಗಳಿಗೆ ಅಲ್ಲಿ ಸ್ಥಾನವಿರುವಂತೆಯೇ ಆಯುಧ ಹಿಡಿದವರ ದ್ವಂದ್ವಕ್ಕೆ ಅಂಕವಿನೋದವೆಂದೂ ಕುಸ್ತಿಗೆ ಮಲ್ಲವಿನೋದವೆಂದೂ ಬೇರೆ ಬೇರೆ ಅಧ್ಯಾಯಗಳುಂಟು. ಕೋಳಿಯ ಕಾಳಗ, ಟಗರಿನ ಕಾಳಗಗಳೂ ಅದೇ ಪಂಕ್ತಿಯಲ್ಲಿ ಬರುತ್ತವೆ. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವ ಬಗೆ, ಅವರಿಗೆ ಕೊಡತಕ್ಕ ಆಹಾರ, ಮಾಡಿಸತಕ್ಕ ಸಾಧನೆ, ಹಿಡಿಯತಕ್ಕ ಪಟ್ಟುಗಳು, ಇವೆಲ್ಲವನ್ನೂ ಚಕ್ರವರ್ತಿಯು ಅನುಭವಸ್ಥನಂತೆ ಹೇಳುತ್ತಾನೆ. ಇಬ್ಬರು ಮಲ್ಲರ ನಡುವೆ ಹಳೆಯ ವೈರವಿರಬೇಕೆಂಬ ನಿರ್ಬಂಧ ಈ ವಿನೋದಕ್ಕಿಲ್ಲ. ಸಮಬಲರನ್ನು ಎದುರುಬದುರಾಗಿ ನಿಲ್ಲಿಸಿದರೆ ಸಾಕು. ಈಗಲೂ ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಹಚ್ಚುವ ಹಿರಿಯರು ಜೋಡು ಸರಿಯಾಗಿದೆಯೆ ಎಂದು ನೋಡುವರೇ ಹೊರತು ಪೈಲ್ವಾನರ ಮನೆತನಗಳಿಗೆ ಜಗಳವಿದೆಯೆ ಎಂದು ವಿಚಾರಿಸುವುದಿಲ್ಲ.

ಕಾಳಗದ ಆಟವು ಈ ಮಲ್ಲವಿನೋದದ ವಂಶಕ್ಕೆ ಸೇರಿದುದು. ಆಡದ ಹಿರಿಯರಿಗಾಗಿ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಪರದೆಯ ಎಡಕ್ಕೊಬ್ಬ, ಬಲಕ್ಕೊಬ್ಬ ಯೋಧ. ನಮ್ಮ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾದುವವರನ್ನು ಪಕ್ಕದಿಂದ ಕಂಡಂತೆ ಕೆತ್ತಿರುವರಲ್ಲವೆ, ಇಲ್ಲಿಯೂ ಹಾಗೆಯೇ ಪಕ್ಕದಿಂದ ಕಾಣುವರು. ತಲೆಯ ಮೇಲ್ಗಡೆ ಇಬ್ಬರ ಆಯುಸ್ಸನ್ನೂ ತೋರಿಸುವ ಎರಡು ಪಟ್ಟಿಗಳು. ಪೆಟ್ಟು ಬಿದ್ದಂತೆಲ್ಲ ಪಟ್ಟಿ ಕುಗ್ಗುತ್ತದೆ. ನಡುವೆ ಕಾಲದ ಗಣನೆ ತೊಂಬತ್ತೊಂಬತ್ತರಿಂದ ಇಳಿಯುತ್ತ ಬರುತ್ತದೆ. ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವನು ಗೆದ್ದಂತೆ. ಜಪಾನಿನ ಕ್ಯಾಪ್‌ಕಾಂ ಎಂಬ ಸಂಸ್ಥೆಯು 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಈ ಕ್ರಮವನ್ನು ಲೋಕಪ್ರಸಿದ್ಧಗೊಳಿಸಿತು. ಆಡುವವನು ಆರಿಸಿಕೊಳ್ಳಲು ಅದರಲ್ಲಿ ಎಂಟು ಮಂದಿ ಯೋಧರು. ಒಬ್ಬೊಬ್ಬನಿಗೂ ಒಂದು ದೇಶ, ಒಂದು ವೇಷ, ಒಂದೆರಡು ವಿಶೇಷವಾದ ಪಟ್ಟು. ಕಥೆಯೆಂಬುದು ಹೆಸರಿಗೆ ಮಾತ್ರ. ಇದನ್ನು ಕೊರತೆಯೆಂದು ಹೇಳಲಾಗದು. ಅಲ್ಲಿ ಕಾಳಗಕ್ಕೆ ಕಾರಣವು ಪರದೆಯ ಒಳಗಿಲ್ಲ, ಹೊರಗಿದೆ. ಪಕ್ಕದಲ್ಲಿ ನಿಂತ ಗೆಳೆಯನನ್ನು ಸೋಲಿಸಬೇಕೆಂಬ ಆಡುವವನ ಛಲವೇ ಕಾರಣ. ಅವನ ಹತ್ತು ಬೆರಳುಗಳೇ ಆ ಬೊಂಬೆಗೆ ಪ್ರಾಣ.

ಚಿತ್ರ ತೆಗೆಯುವವನ ಕಷ್ಟ ಇಲ್ಲಿ ಮೊದಲಾಗುತ್ತದೆ. ನೋಡುವವನ ಕೈಯಿಂದ ಗುಂಡಿಗಳನ್ನು ಕಸಿದುಕೊಂಡು ಅವನನ್ನು ಕುರ್ಚಿಯಲ್ಲಿ ಕೂರಿಸಿದೊಡನೆ ಛಲವೂ ಹೊರಟುಹೋಗುತ್ತದೆ. ಆ ತೆರವನ್ನು ಬೇರೆ ಯಾವುದರಿಂದಲಾದರೂ ತುಂಬಬೇಕು. ತುಂಬಲು ಎರಡೇ ದಾರಿಗಳಿವೆ. ಸೋಮೇಶ್ವರನಂತೆ ವಿನೋದವನ್ನು ವಿನೋದವೆಂದೇ ಒಪ್ಪಿ ಮಲ್ಲರ ಮೈಗಾರಿಕೆಯನ್ನು ಕಣ್ತುಂಬ ತೋರಿಸುವುದು ಒಂದು. ರನ್ನನಂತೆ ಕಾಳಗಕ್ಕೆ ಮೊದಲೇ ಅದರ ಕಾರಣವನ್ನು ನೋಡುವವನ ಎದೆಯಲ್ಲಿ ಬಿತ್ತುವುದು ಇನ್ನೊಂದು. ಈ ಜಾತಿಯ ಚಿತ್ರಗಳಲ್ಲಿ ಹೆಚ್ಚಿನವು ಎರಡನ್ನೂ ಬಿಟ್ಟು ನಡುವೆ ಬಿದ್ದುವೆಂಬುದೇ ನಮ್ಮ ಅಭಿಪ್ರಾಯ.

ಇನ್ನೊಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಆಟಗಳು ತಾವೇ ಚಲಚ್ಚಿತ್ರಗಳ ಮಕ್ಕಳು. ಬ್ರೂಸ್ ಲೀಯ ‘ಎಂಟರ್ ದ ಡ್ರ್ಯಾಗನ್’ (1973) ದ್ವೀಪವೊಂದರಲ್ಲಿ ದುಷ್ಟನು ನಡೆಸುವ ಮಲ್ಲರ ಪಂದ್ಯದ ಕಥೆ. ಅದೇ ಅಚ್ಚಿನಿಂದ ಎಷ್ಟೋ ಚಿತ್ರಗಳು ಬಂದುವು. ವ್ಯಾನ್ ಡ್ಯಾಮ್ ಎಂಬ ಬೆಲ್ಜಿಯಂ ದೇಶದ ನಟನಿಗೆ 1988ರಲ್ಲಿ ಹೆಸರು ತಂದ ‘ಬ್ಲಡ್‌ಸ್ಪೋರ್ಟ್’ ಅವುಗಳಲ್ಲೊಂದು. ಅಮೆರಿಕದ ಆಟಗಾರರ ಮೆಚ್ಚುಗೆಯನ್ನು ಪಡೆದ ‘ಮಾರ್ಟಲ್ ಕಾಂಬ್ಯಾಟ್’ (1992) ಈ ನಟನನ್ನೇ ನಾಯಕನನ್ನಾಗಿ ಮಾಡಬೇಕೆಂಬ ಆಲೋಚನೆಯಿಂದ ಮೊದಲಾಯಿತು. ಅದು ಕೈಗೂಡದೆ ಹೋದಾಗ ಎಡ್ ಬೂನ್, ಜಾನ್ ಟೋಬಿಯಾಸ್ ಎಂಬ ಕರ್ತೃಗಳು ಅವನ ಅಣಕವೆಂಬಂತೆ ಜಾನಿ ಕೇಜ್ ಎಂಬ ಗರ್ವಿಷ್ಠ ನಟನ ಪಾತ್ರವನ್ನು ಆಟದಲ್ಲಿಟ್ಟರು. ಆ ವ್ಯಾನ್ ಡ್ಯಾಮನಾದರೋ ಎರಡು ವರ್ಷಗಳ ಮೇಲೆ ಎದುರು ಪಕ್ಷದ ‘ಸ್ಟ್ರೀಟ್ ಫೈಟರ್’ ಚಿತ್ರದಲ್ಲಿ ನಾಯಕನಾಗಿ ನಿಂತನು. ಚಿತ್ರದಿಂದ ಆಟ, ಆಟದಿಂದ ಚಿತ್ರ, ಇಷ್ಟಕ್ಕೇ ನಿಲ್ಲದೆ 1995ರಲ್ಲಿ ಆ ಚಿತ್ರದ ನಟರ ಛಾಯಾಚಿತ್ರಗಳನ್ನೇ ಬೊಂಬೆಗಳನ್ನಾಗಿ ಮಾಡಿ ಮತ್ತೊಂದು ಆಟವನ್ನು ಹೊರಡಿಸಿದರು. ಕನ್ನಡಿಯೆದುರು ಕನ್ನಡಿಯಿಟ್ಟಂತಾಯಿತು.

1994ರ ‘ಸ್ಟ್ರೀಟ್ ಫೈಟರ್’ ಚಿತ್ರವನ್ನು ನಿರ್ದೇಶಿಸಿದವರು ಸ್ಟೀವನ್ ಡಿ ಸೋಜಾ. ಇವರು ಆಟದಲ್ಲಿದ್ದ ಪಂದ್ಯವನ್ನೇ ಕಿತ್ತುಹಾಕಿದರು. ಅದರ ಬದಲು ಎಂ. ಬೈಸನ್ ಎಂಬ ಸರ್ವಾಧಿಕಾರಿ, ಅವನ ಸೆರೆಯಲ್ಲಿರುವ ಒತ್ತೆಯಾಳುಗಳು, ಎರಡು ಸಾವಿರ ಕೋಟಿ ಡಾಲರುಗಳ ಬೇಡಿಕೆ, ಅವನ ಕೋಟೆಗೆ ಲಗ್ಗೆ ಹಾಕುವ ಅಂತರರಾಷ್ಟ್ರೀಯ ಸೈನ್ಯ, ಹೀಗೆ ಒಂದು ಯುದ್ಧದ ಕಥೆಯನ್ನು ಕಟ್ಟಿದರು. ಪರಿಣಾಮವೇನೆಂದರೆ, ದ್ವಂದ್ವಕ್ಕೆ ಪ್ರಸಿದ್ಧವಾದ ಆಟದಿಂದ ಹುಟ್ಟಿದ ಚಿತ್ರದಲ್ಲಿ ದ್ವಂದ್ವಗಳೇ ವಿರಳವಾಗಿ ತುಪಾಕಿಗಳ ಸದ್ದೇ ಹೆಚ್ಚಾಯಿತು. ಎಂಟು ಹತ್ತು ಮಂದಿ ಯೋಧರನ್ನು ಒಂದೇ ಕಥೆಯಲ್ಲಿ ತೂರಿಸಬೇಕಾದುದರಿಂದ ಯಾರೊಬ್ಬನ ಮುಖವೂ ನೆನಪಿನಲ್ಲಿ ನಿಲ್ಲುವಷ್ಟು ಹೊತ್ತು ಪರದೆಯ ಮೇಲಿರುವುದಿಲ್ಲ.

ಭಾರತೀಯರಾದ ನಮಗೆ ಈ ಚಿತ್ರದಲ್ಲಿ ವಿಶೇಷ ಕುತೂಹಲದ ಪಾತ್ರವೊಂದುಂಟು. ಆಟದಲ್ಲಿ ನಮ್ಮ ದೇಶದ ಪ್ರತಿನಿಧಿಯಾಗಿ ಢಾಲ್ಸಿಮ್ ಎಂಬ ಯೋಗಿಯಿರುವನು. ಕೊರಳಲ್ಲಿ ತಲೆಬುರುಡೆಗಳ ಮಾಲೆ, ಬಾಯಲ್ಲಿ ಬೆಂಕಿ, ರಬ್ಬರಿನಂತೆ ಹಿಗ್ಗುವ ಕೈಕಾಲು, ಹಿನ್ನೆಲೆಯಲ್ಲಿ ಸಾಲು ಆನೆಗಳು. ಇಂತಹ ಯೋಗಿಯನ್ನು ನಾವು ಯಾವ ಮಠದಲ್ಲಿಯೂ ಕಂಡಿಲ್ಲ. ಹೆಸರೂ ಅಷ್ಟೇ, ಯಾವ ಭಾಷೆಯದೋ ಬಲ್ಲವರೇ ಬಲ್ಲರು. ಆದರೂ ಆಡುವ ಹುಡುಗರಿಗೆ ಅವನೆಂದರೆ ಪ್ರೀತಿ. ದೂರದಿಂದಲೇ ಹೊಡೆಯಬಲ್ಲ ಅವನ ಪಟ್ಟಿಗೆ ಆಟದಲ್ಲಿ ಬೆಲೆಯುಂಟು. ಚಿತ್ರದಲ್ಲಾದರೋ ಈ ಪಾತ್ರವನ್ನು ವಹಿಸಿದವರು ರೋಶನ್ ಸೇಠ್, ಅಂದರೆ 1982ರ ‘ಗಾಂಧಿ’ ಚಿತ್ರದಲ್ಲಿ ನೆಹರೂ ಅವರ ಪಾತ್ರವನ್ನು ಅಭಿನಯಿಸಿದ ನಟರು. ಇಲ್ಲಿ ಅವನು ಯೋಗಿಯಲ್ಲ, ಸರ್ವಾಧಿಕಾರಿಯ ಸೆರೆಯಲ್ಲಿ ಬಲಾತ್ಕಾರದಿಂದ ಕೆಲಸಮಾಡುವ ವಿಜ್ಞಾನಿ. ಒಬ್ಬ ಸೈನಿಕನನ್ನು ವಿಕಾರಪ್ರಾಣಿಯನ್ನಾಗಿ ಮಾಡುವ ಪ್ರಯೋಗಕ್ಕೆ ಒಲ್ಲದ ಮನಸ್ಸಿನಿಂದ ಕೈಹಾಕುತ್ತಾನೆ. ಕೊನೆಗೆ ಕೋಟೆಯು ಕುಸಿಯುವಾಗ ಪ್ರಾಯಶ್ಚಿತ್ತವೆಂಬಂತೆ ಆ ನತದೃಷ್ಟನೊಡನೆ ಅಲ್ಲಿಯೇ ಉಳಿದುಬಿಡುತ್ತಾನೆ. ಹೊಡೆದಾಟವೆಂಬುದನ್ನು ಬಹುಮಟ್ಟಿಗೆ ಮಾಡದ ಈ ಒಬ್ಬ ‘ಯೋಧ’ನಲ್ಲಿಯೇ ಚಿತ್ರದ ಮಿಕ್ಕ ಯೋಧರಲ್ಲಿ ಕಾಣದ ಅಂತರಂಗದ ಹೋರಾಟವು ಕಾಣುವುದು ವಿಪರ್ಯಾಸವಲ್ಲವೆ? ಆಟದ ಅಭಿಮಾನಿಗಳು ತಮ್ಮ ಯೋಗಿಯನ್ನು ಕೆಡಿಸಿದರೆಂದು ದೂರಿದರೆ ಅದು ನ್ಯಾಯವೇ. ಆದರೂ ಈ ಬದಲಾವಣೆಯನ್ನು ನಾವು ಹಳಿಯಲೊಲ್ಲೆವು.

ಬೈಸನ್ನನ ಪಾತ್ರವನ್ನು ರೌಲ್ ಜೂಲಿಯಾ ಎಂಬ ಸಮರ್ಥ ನಟರು ವಹಿಸಿದ್ದರು. ಚಿತ್ರವು 1994ರ ಡಿಸೆಂಬರಿನಲ್ಲಿ ಹೊರಬೀಳುವ ಮೊದಲೇ, ಅಕ್ಟೋಬರಿನಲ್ಲಿ, ಅವರು ತೀರಿಕೊಂಡರು. ಒಂದು ಸನ್ನಿವೇಶವನ್ನಂತೂ ಮರೆಯಲಾಗದು. ತನ್ನ ತಂದೆಯನ್ನು ಕೊಂದವನೆದುರು ಚುನ್-ಲೀ ಎಂಬ ತರುಣಿ ನಿಂತು, ಊರಿನ ಮೇಲೆ ಅವನು ಬಿದ್ದ ದಿನವನ್ನು ಕುದಿಯುತ್ತ ವಿವರಿಸುತ್ತಾಳೆ. ಅವನಿಗೆ ಅದೊಂದೂ ನೆನಪಿಲ್ಲ. ಅವಳ ಬಾಳಿನ ಅತಿ ದೊಡ್ಡ ದಿನವು ತನಗೆ ವಾರದ ಒಂದು ಮಂಗಳವಾರ ಮಾತ್ರವಾಗಿದ್ದಿತೆಂದು ಸೌಜನ್ಯದಿಂದಲೇ ಹೇಳುತ್ತಾನೆ. ನೂರು ತುಪಾಕಿಗಳು ಮಾಡಲಾರದ ಕೆಲಸವನ್ನು ಈ ಒಂದು ಉತ್ತರವು ಮಾಡುತ್ತದೆ. ಕಾಳಗಕ್ಕೆ ಕಾರಣವೆಂದರೆ ಇದು. ನೆನಪಿಟ್ಟುಕೊಂಡವಳು ಒಬ್ಬಳು, ಮರೆತವನು ಒಬ್ಬನು. ಇಂತಹುದನ್ನು ಕೈಯಲ್ಲಿ ಹಿಡಿದುಕೊಂಡೂ ನಿರ್ದೇಶಕರು ಅದನ್ನು ಬೆಳೆಸಲಿಲ್ಲ. ಬೈಸನ್ನನೊಡನೆ ಕೊನೆಯ ದ್ವಂದ್ವವನ್ನು ಆಕೆಗೆ ಕೊಡದೆ ನಾಯಕನಟನಿಗೆ ಕೊಟ್ಟರು. ಬಿತ್ತಿದವಳೊಬ್ಬಳು, ಕೊಯ್ದವನೊಬ್ಬನು.

ಮರುವರ್ಷ ಬಂದ ‘ಮಾರ್ಟಲ್ ಕಾಂಬ್ಯಾಟ್’ (1995) ಇದಕ್ಕಿಂತ ಸಾಮಾನ್ಯ ಬುದ್ಧಿಯ ಕೃತಿ, ಆದುದರಿಂದಲೇ ಗೆದ್ದಿತು. ನಿರ್ದೇಶಕ ಪಾಲ್ ಆಂಡರ್ಸನ್ ಪಂದ್ಯವನ್ನು ಕೈಬಿಡಲಿಲ್ಲ. ಒಂದು ಲೋಕದವರು ಹತ್ತು ಪಂದ್ಯಗಳನ್ನು ಸಾಲಾಗಿ ಗೆದ್ದರೆ ಭೂಲೋಕವು ಅವರ ವಶವಾಗುವುದು, ಒಂಬತ್ತು ಆಗಲೇ ಮುಗಿದಿವೆ, ಇದು ಹತ್ತನೆಯದು. ನಮ್ಮ ಅಜ್ಜಿಯರ ಕಥೆಯಷ್ಟು ಸರಳವಾದ ಈ ಷರತ್ತು ಮೊದಲ ಹತ್ತು ನಿಮಿಷಗಳಲ್ಲಿಯೇ ತಿಳಿದುಹೋಗುತ್ತದೆ. ಮೂವರು ಮನುಷ್ಯರಿಗೆ ಮೂರು ಕಾರಣಗಳು. ಲ್ಯೂ ಕಾಂಗನಿಗೆ ತಮ್ಮನನ್ನು ಕೊಂದ ಮಾಂತ್ರಿಕನ ಮೇಲಿನ ಹಗೆ, ಸೋನ್ಯಾಳಿಗೆ ಜೊತೆಗಾರನನ್ನು ಕೊಂದ ಪಾತಕಿಯ ಬೇಟೆ, ಜಾನಿ ಕೇಜನಿಗೆ ತನ್ನ ಕಾಳಗವು ಬರಿಯ ನಟನೆಯೆಂಬ ಲೋಕಾಪವಾದವನ್ನು ಸುಳ್ಳುಮಾಡುವ ಹಟ. ಇಷ್ಟು ಸಾಕು. ಉಳಿದುದು ಮಲ್ಲವಿನೋದ. ಲ್ಯೂ ಕಾಂಗನಾದ ರಾಬಿನ್ ಶೂ ನಿಜವಾಗಿಯೂ ಚೀನೀ ಮಲ್ಲವಿದ್ಯೆಯನ್ನು ಬಲ್ಲವನಾದುದರಿಂದ ಅವನ ಮೈಯ ತಿರುವು, ಕಾಲಿನ ಬೀಸುಗಳನ್ನು ಕ್ಯಾಮರಾ ಕತ್ತರಿಸದೆ ನೋಡಬಲ್ಲದಾಯಿತು. ಮಾಂತ್ರಿಕನು ಕೊನೆಯಲ್ಲಿ ಸತ್ತ ತಮ್ಮನ ರೂಪವನ್ನೇ ತಾಳಿ ಎದುರು ನಿಲ್ಲುವ ಸನ್ನಿವೇಶವು ಸ್ವಲ್ಪಮಟ್ಟಿಗೆ ಕಾವ್ಯದ ಅಂಚನ್ನೂ ಮುಟ್ಟುತ್ತದೆ.

ಈ ಚಿತ್ರವು ಮೂಲ ಆಟದ ರಕ್ತಪಾತವನ್ನು ಬಹುವಾಗಿ ತಗ್ಗಿಸಿತೆಂಬುದನ್ನೂ ಗಮನಿಸಬೇಕು. ಆಟದಲ್ಲಿ ಸೋತವನನ್ನು ಬೀಭತ್ಸವಾಗಿ ಕೊಲ್ಲುವ ಪಟ್ಟುಗಳಿದ್ದುವು. ಇವನ್ನು ಮುಖ್ಯವಾಗಿ ಕುರಿತು 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಭೆಯು ವಿಚಾರಣೆ ನಡೆಸಿತು. 1994ರಲ್ಲಿ ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಮಂಡಳಿಯೂ ಅಲ್ಲಿ ಹುಟ್ಟಿತು. ಬೀಭತ್ಸವನ್ನು ತೆಗೆದರೆ ಆಟದ ಸತ್ವವೇ ಹೋಯಿತೆಂದು ಕೆಲವರು ವಾದಿಸುವರು. ಚಿತ್ರವನ್ನು ನೋಡಿದರೆ ಹಾಗೆ ತೋರುವುದಿಲ್ಲ. ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣು ಮುಟ್ಟಿದರೆ ಆಟ ಮುಗಿಯಿತು. ಎಲುಬು ಮುರಿಯಬೇಕೆಂದು ಯಾರೂ ಕೇಳುವುದಿಲ್ಲ.

1997ರ ಎರಡನೆಯ ಭಾಗವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಪಂದ್ಯ ಹೋಯಿತು, ಜಂಗುಳಿ ಬಂದಿತು. 2009ರಲ್ಲಿ ಚುನ್-ಲೀಯನ್ನು ನಾಯಿಕೆಯನ್ನಾಗಿ ಮಾಡಿದ ಚಿತ್ರವೊಂದು ಬಂದಾಗ, ಹಿಂದೆ ಆಕೆಗೆ ಆದ ಅನ್ಯಾಯವು ಈಗ ಸರಿಹೋದೀತೆಂದು ಎಣಿಸುವಷ್ಟರಲ್ಲಿ ಅದು ಸಾಧಾರಣ ಪೊಲೀಸು ಕಥೆಯಾಗಿ ಮುಗಿಯಿತು. ‘ಡೆಡ್ ಆರ್ ಅಲೈವ್’ (2006) ಚಿತ್ರಕ್ಕೆ ಮಲ್ಲವಿದ್ಯೆಗಿಂತ ನಟಿಯರ ಉಡುಪಿನ ಮೇಲೆ ಆಸಕ್ತಿ ಹೆಚ್ಚು. ಇವೆಲ್ಲಕ್ಕಿಂತ, ಜಾಕಿ ಚಾನ್ 1993ರ ‘ಸಿಟಿ ಹಂಟರ್’ ಚಿತ್ರದ ಮಧ್ಯದಲ್ಲಿ ಕೆಲವೇ ನಿಮಿಷ ‘ಸ್ಟ್ರೀಟ್ ಫೈಟರ್’ ಬೊಂಬೆಗಳ ವೇಷ ಹಾಕಿ, ಚುನ್-ಲೀಯ ಹೆಣ್ಣುಡುಗೆಯನ್ನೂ ಉಟ್ಟು, ಅವುಗಳ ಪಟ್ಟುಗಳನ್ನು ಅಣಕಿಸಿದುದೇ ಹೆಚ್ಚು ಮನೋಹರವಾಗಿದೆ. ಅದು ತಾನು ವಿನೋದವಲ್ಲದೆ ಬೇರೇನೋ ಎಂದು ಸೋಗು ಹಾಕಲಿಲ್ಲ.

2021ರ ‘ಮಾರ್ಟಲ್ ಕಾಂಬ್ಯಾಟ್’ ಮಾತ್ರ ತುಸು ನಿಂತು ನೋಡತಕ್ಕದ್ದು. ಅದರ ಆರಂಭವು 1617ನೆಯ ವರ್ಷದ ಜಪಾನಿನಲ್ಲಿ. ಹಾಂಜೊ ಹಸಾಶಿ ಎಂಬ ಗೃಹಸ್ಥನು ನೀರು ತರಲು ಹೋಗಿರುವಾಗ ಬೀ-ಹಾನ್ ಎಂಬ ವೈರಿಯು ಅವನ ಹೆಂಡತಿಯನ್ನೂ ಮಗನನ್ನೂ ಕೊಲ್ಲುತ್ತಾನೆ. ಮರಳಿ ಬಂದವನ ಕೈಗೆ ಸಿಕ್ಕುವುದು ಹೆಂಡತಿ ತೋಟದ ಮಣ್ಣು ಕೆದಕುತ್ತಿದ್ದ ಚಿಕ್ಕ ಕಬ್ಬಿಣದ ಸಲಕರಣೆ. ಅದಕ್ಕೊಂದು ಹಗ್ಗ ಕಟ್ಟಿಕೊಂಡು ಕಾಳಗಕ್ಕೆ ಇಳಿಯುತ್ತಾನೆ. ಆಟವಾಡಿದವರಿಗೆಲ್ಲ ಗೊತ್ತಿರುವ ಸ್ಕಾರ್ಪಿಯನ್ ಎಂಬ ಯೋಧನ ಹಗ್ಗದ ಆಯುಧಕ್ಕೆ ಹೀಗೆ ಒಂದು ಮನೆಯ, ಒಂದು ಕೈಯ, ಒಂದು ಬೆಳಗಿನ ನೆನಪನ್ನು ಅಂಟಿಸಿರುವುದು ನಿಜವಾದ ಕವಿಕರ್ಮ. ಹಿರೊಯುಕಿ ಸನಾಡಾ, ಜೋ ತಸ್ಲಿಂ ಇಬ್ಬರೂ ಬಲ್ಲಿದರು. ಆದರೆ ಈ ಹತ್ತು ನಿಮಿಷಗಳು ಮುಗಿದ ಮೇಲೆ ಚಿತ್ರವು ನಾಲ್ಕು ಶತಮಾನ ಹಾರಿ, ಆಟದಲ್ಲಿ ಇಲ್ಲದ ಕೋಲ್ ಯಂಗ್ ಎಂಬ ಹೊಸ ನಾಯಕನ ಹಿಂದೆ ಹೊರಟುಬಿಡುತ್ತದೆ. ಪಂದ್ಯ ಪಂದ್ಯವೆಂದು ಎಲ್ಲರೂ ಹೇಳುತ್ತಿರುವರು. ಪಂದ್ಯವು ಚಿತ್ರ ಮುಗಿಯುವವರೆಗೂ ನಡೆಯುವುದೇ ಇಲ್ಲ. ಮುಂದಿನ ಭಾಗಕ್ಕೆ ಉಳಿಸಿಕೊಂಡರಂತೆ! ಊಟಕ್ಕೆ ಕರೆದು ಎಲೆ ಹಾಕಿ ನಾಳೆ ಬನ್ನಿರೆಂದಂತೆ.

ಇನ್ನು ರನ್ನನ ಕಡೆಗೆ ತಿರುಗೋಣ. ಸೋಮೇಶ್ವರನಿಗೆ ನೂರು ವರ್ಷಕ್ಕೂ ಹಿಂದೆ, ಅದೇ ಚಾಳುಕ್ಯ ವಂಶದ ಆಶ್ರಯದಲ್ಲಿ, ಈ ಕವಿಯು ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಸಾಹಸಭೀಮವಿಜಯವನ್ನು ಬರೆದನು. ಹತ್ತು ಆಶ್ವಾಸಗಳ ಆ ಕಾವ್ಯದ ಗುರಿ ಒಂದೇ ಒಂದು ದ್ವಂದ್ವ. ಇಬ್ಬರು, ಎರಡು ಗದೆಗಳು, ಒಂದು ಕಣ. ಕಾಳಗದ ಆಟಕ್ಕೆ ಇದಕ್ಕಿಂತ ಒಪ್ಪುವ ವಸ್ತುವುಂಟೆ? ಆದರೆ ಕವಿಯು ಕಣಕ್ಕೆ ಬರಲು ಅವಸರಪಡುವುದಿಲ್ಲ. ಸಿಂಹಾವಲೋಕನಕ್ರಮದಿಂದ ಇಡೀ ಭಾರತವನ್ನು ಹಿಂದಿರುಗಿ ನೋಡುತ್ತಾನೆ. ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣನ, ದುಶ್ಶಾಸನನ, ಕರ್ಣನ ಶವಗಳ ಮುಂದೆ ಅವನನ್ನು ನಿಲ್ಲಿಸುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಲ್ಲಿಸಿ, ಆ ಬಾಲಕನ ಪರಾಕ್ರಮಕ್ಕೆ ಅವನು ಕೈಮುಗಿಯುವಂತೆ ಮಾಡುತ್ತಾನೆ. ಸರೋವರದ ತಣ್ಣೀರಿನೊಳಗೆ ಅಡಗಿದ್ದವನು ಭೀಮನ ಗರ್ಜನೆಯನ್ನು ಕೇಳಿ ಬೆವತನೆಂಬ ಪ್ರಸಿದ್ಧ ಚಿತ್ರವು ಬರುವ ಹೊತ್ತಿಗೆ ನಾವು ಇಬ್ಬರ ಪಕ್ಷವನ್ನೂ ಅರಿತಿರುತ್ತೇವೆ. ಗದೆಯ ಪೆಟ್ಟುಗಳನ್ನು ಎಣಿಸುವ ಗೋಜು ಆಗ ಬೇಕಾಗಿಲ್ಲ. ಒಂದೊಂದು ಪೆಟ್ಟಿಗೂ ಹೆಸರಿದೆ. ಇದು ಜೂಜಿಗೆ, ಇದು ಮುಡಿಗೆ, ಇದು ತೊಡೆಗೆ. ‘ಸ್ಟ್ರೀಟ್ ಫೈಟರ್’ ಚಿತ್ರದ ಬೈಸನ್ನನು ಮರೆತವನು. ರನ್ನನ ದುರ್ಯೋಧನನು ಒಂದನ್ನೂ ಮರೆಯದವನು. ಮರೆತವನನ್ನು ಸೋಲಿಸಿದರೆ ಪಂದ್ಯ ಮುಗಿಯಿತು ಅಷ್ಟೆ. ಎಲ್ಲವನ್ನೂ ನೆನಪಿಟ್ಟುಕೊಂಡವನು ಬಿದ್ದಾಗ ಗೆದ್ದ ಪಕ್ಷದವರಿಗೂ ಗಂಟಲು ಕಟ್ಟುತ್ತದೆ.

ಕಾವ್ಯಕ್ಕೆ ಇದು ಸಾಧ್ಯ, ಚಿತ್ರಕ್ಕೆ ಸಾಧ್ಯವಲ್ಲವೆಂದು ಹೇಳುವಂತಿಲ್ಲ. 1975ರ ‘ಮಯೂರ’ದಲ್ಲಿ ರಾಜಕುಮಾರರ ಕುಸ್ತಿಯ ದೃಶ್ಯವನ್ನು ನೋಡಿದವರು ಬಲ್ಲರು. ಅಲ್ಲಿ ಪಟ್ಟು ಹಾಕುವವನು ಮಲ್ಲನೊಬ್ಬನೇ ಅಲ್ಲ, ಪಲ್ಲವರ ಊರಿನಲ್ಲಿ ನಿಂತ ಕನ್ನಡಿಗನೂ ಹೌದು. ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಗಿರೀಶ ಕಾರ್ನಾಡರು 1978ರಲ್ಲಿ ತೆಗೆದ ‘ಒಂದಾನೊಂದು ಕಾಲದಲ್ಲಿ’. ಜಪಾನಿನ ಕುರೊಸಾವಾ ಅವರ ಖಡ್ಗವೀರರ ಚಿತ್ರಗಳಿಂದ ಸ್ಫೂರ್ತಿ ಪಡೆದ ಕೃತಿಯಿದು. ‘ಸ್ಟ್ರೀಟ್ ಫೈಟರ್’ ಆಟವೂ ಜಪಾನಿನಿಂದಲೇ ಬಂದುದೆಂಬುದನ್ನು ಇಲ್ಲಿ ನೆನೆಯಬಹುದು. ಸೋದರರ ದಾಯಾದಿ ಜಗಳದಲ್ಲಿ ಎರಡು ಕಡೆಗಳಿಗೆ ಸೇರಿದ ಇಬ್ಬರು ಯೋಧರು. ಗಂಡುಗಲಿಯಾಗಿ ಶಂಕರನಾಗ್, ಪೆರಮಾಡಿಯಾಗಿ ಸುಂದರಕೃಷ್ಣ ಅರಸ್. ಶಂಕರನಾಗರಿಗೆ ಅದು ಮೊದಲ ಚಿತ್ರ. ಭಾರತದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಉತ್ತಮ ನಟನೆಂಬ ಪ್ರಶಸ್ತಿಯನ್ನು ಅದು ಅವರಿಗೆ ತಂದುಕೊಟ್ಟಿತು.

ಈ ಇಬ್ಬರು ಒಬ್ಬರನ್ನೊಬ್ಬರು ಅರಿತುಕೊಳ್ಳುವುದು ಮಾತಿನಿಂದಲ್ಲ, ಕತ್ತಿಯಿಂದ. ಎದುರಾಳಿಯ ವರಸೆಯನ್ನು ನೋಡಿದಾಗಲೇ ಇವನು ತನಗೆ ಸರಿಜೋಡು ಎಂದು ಕಣ್ಣು ಒಪ್ಪುತ್ತದೆ. ಕೂಲಿ ಕೊಡುವ ಒಡೆಯರ ಸಣ್ಣತನಕ್ಕಿಂತ ಎದುರು ನಿಂತವನ ವಿದ್ಯೆಯೇ ದೊಡ್ಡದೆಂದು ಬರಬರುತ್ತ ತೋರುತ್ತದೆ. ಆಟದ ಬೊಂಬೆಗಳಿಗೆ ಎಂದೂ ದೊರೆಯದ ಅವಕಾಶವಿದು. ಗುಂಡಿಯೊತ್ತಿದರೆ ಹೊಡೆಯಲೇಬೇಕು ಅವು. ಕತ್ತಿಯನ್ನು ಅರ್ಧಕ್ಕೆ ತಡೆದು ಎದುರಿನವನ ಮುಖವನ್ನು ನೋಡುವ ಗುಂಡಿಯನ್ನು ಯಾವ ಯಂತ್ರದಲ್ಲಿಯೂ ಇಟ್ಟಿಲ್ಲ. ಆಟದಿಂದ ಚಿತ್ರ ಮಾಡಹೊರಟವರಿಗೆ ದೊರೆತಿದ್ದ ನಿಜವಾದ ಲಾಭವೂ ಇದೇ ಆಗಿದ್ದಿತು.

ಕಾರ್ನಾಡರ ಚಿತ್ರದಲ್ಲಿ ಮಲ್ಲವಿನೋದದ ಪಾಲೂ ಕಡಮೆಯಿಲ್ಲ. ಅಪೂರ್ವ ಕಿಶೋರ ಬೀರ್ ಅವರ ಕ್ಯಾಮರಾವು ಹಸಿರು ಕಾಡಿನಲ್ಲಿ ಮೈಗಳ ಓಟವನ್ನೂ ಕತ್ತಿಯ ಹೊಳಪನ್ನೂ ಆತುರವಿಲ್ಲದೆ ತೋರಿಸುತ್ತದೆ. ಹುಡುಗರಿಗೆ ಬೇಸರವಾದೀತೆಂಬ ಭಯ ಬೇಡ. ಮನೆಯಲ್ಲಿ ಒಂದು ಭಾನುವಾರ 1995ರ ‘ಮಾರ್ಟಲ್ ಕಾಂಬ್ಯಾಟ್’ ಚಿತ್ರವನ್ನು ಹುಡುಗರ ಇಷ್ಟದಂತೆ ಅವರೊಡನೆ ಕುಳಿತು ನೋಡಿ, ಮುಂದಿನ ಭಾನುವಾರ ‘ಒಂದಾನೊಂದು ಕಾಲದಲ್ಲಿ’ಯನ್ನು ಹಿರಿಯರ ಇಷ್ಟದಂತೆ ಅವರೂ ಕುಳಿತು ನೋಡುವ ಒಪ್ಪಂದ ಮಾಡಿಕೊಂಡರೆ, ಯಾವ ಪೆಟ್ಟಿಗೆ ಮೈ ಜುಮ್ಮೆಂದಿತು, ಯಾವ ಪೆಟ್ಟಿಗೆ ಮನಸ್ಸು ನೊಂದಿತು ಎಂಬ ಚರ್ಚೆಯನ್ನು ಊಟದ ಹೊತ್ತಿಗೆ ಅವರೇ ತೆಗೆಯುವರು.